ಡಬ್ಬಿಗೆ ಸುಳ್ಳು ಹೇಳುವ ಕೆಲಸ

ನಿನ್ನ ಕೆಲಸವೇನು ಎಂದು ನೆಂಟರು ಕೇಳಿದರೆ, ಡಬ್ಬಿಗೆ ಸುಳ್ಳು ಹೇಳುವುದು ಅನ್ನುತ್ತೇನೆ. ತಮಾಷೆಯಲ್ಲ. ಶಿರಾದ ಹೈವೇ ಪಕ್ಕದ ನಮ್ಮ ಶೆಡ್ಡಿನಲ್ಲಿ ಬೋರ್‌ವೆಲ್ ಲಾರಿಗಳಿಗೆ ಕಂಟ್ರೋಲರ್ ಡಬ್ಬಿ ತಯಾರಾಗುತ್ತದೆ. ಲಾರಿಯ ಮೇಲೆ ಮಲಗಿರುವ ಕಬ್ಬಿಣದ ಕಂಬವನ್ನು ಎಣ್ಣೆಯ ಒತ್ತಡದಿಂದ ಎತ್ತಿ ನಿಲ್ಲಿಸುತ್ತಾರಲ್ಲ, ಆ ಎಣ್ಣೆಯನ್ನು ಬಿಡುವುದು, ತಡೆಯುವುದು ಈ ಡಬ್ಬಿಯ ಹೊಣೆ. ಅದನ್ನು ನಾನು ಲಾರಿಗೆ ಹಾಕುವ ಮುಂಚೆ ಕಂಪ್ಯೂಟರಿಗೆ ಜೋಡಿಸುತ್ತೇನೆ. ಕಂಬ ಇಷ್ಟು ಎದ್ದಿದೆ, ಎಣ್ಣೆ ಇಷ್ಟು ಬಿಸಿಯಾಗಿದೆ ಎಂದು ಸಾಫ್ಟ್‌ವೇರು ಬುರುಡೆ ಬಿಡುತ್ತದೆ. ಡಬ್ಬಿ ಪಾಪ, ನಂಬಿಕೊಂಡು ದುಡಿಯುತ್ತದೆ. ಮದುವೆ ದಲ್ಲಾಳಿಗಳಿಗೂ ಇಷ್ಟು ಒಳ್ಳೆಯ ಗಿರಾಕಿ ಸಿಗುವುದಿಲ್ಲ.

ಒಂದು ಬೆಳಿಗ್ಗೆ ಪಾವಗಡದ ಕಡೆಯ ಲಾರಿ ಮಾಲೀಕರೊಬ್ಬರು ತಮ್ಮ ಡಬ್ಬಿ ಒಯ್ಯಲು ಲಾರಿ ಸಮೇತ ಬಂದರು. ಜೊತೆಗೆ ಪೂಜಾರಿ, ಬೂದುಗುಂಬಳಕಾಯಿ, ಅಷ್ಟೂ ಚಕ್ರಕ್ಕಾಗುವಷ್ಟು ನಿಂಬೆಹಣ್ಣು. ರಾಹುಕಾಲಕ್ಕೆ ಮುಂಚೆ ಡಬ್ಬಿ ಕೂರಿಸಿ, ಗೇಟಿನ ಹೊರಗೇ ಕಂಬ ಎತ್ತಿ ಪೂಜೆ ಮುಗಿಸಬೇಕಂತೆ. ನಾನು ತಿರುಗಿ ನೋಡುವಷ್ಟರಲ್ಲಿ ಡಬ್ಬಿಗೆ ಕುಂಕುಮವೂ ಬಿದ್ದಿತ್ತು. ದೇವರ ಪರೀಕ್ಷೆಯಲ್ಲಿ ಪಾಸು, ನನ್ನದು ಇನ್ನೂ ಬಾಕಿ.

ಉಳಿದಿದ್ದು ಒಂದೇ ಪರೀಕ್ಷೆ. ಕಂಬ ನಿಂತಿರುವಾಗ ಅದು ಎಷ್ಟು ಎದ್ದಿದೆ ಎಂದು ಡಬ್ಬಿಗೆ ತಿಳಿಸುವ ತಂತಿ ಕಿತ್ತುಹೋದರೆ ಡಬ್ಬಿ ಎಣ್ಣೆಯನ್ನು ಹಿಡಿದಿಡಬೇಕು. ಸಾಫ್ಟ್‌ವೇರಿನಲ್ಲಿ ತಂತಿ ಕಿತ್ತೆ. ಡಬ್ಬಿ ಗಾಬರಿಬಿದ್ದು ಎಣ್ಣೆಯನ್ನೆಲ್ಲ ಬಿಟ್ಟುಕೊಟ್ಟಿತು. ಪರದೆಯ ಮೇಲೆ ಚಿತ್ರವಾಗಿ ನಿಂತಿದ್ದ ಕಂಬ ಸರ್ರನೆ ಕೆಳಗೆ ಬಂತು.

“ಏಮ್ಮಾ, ಚಿತ್ರ ಬಿದ್ರೆ ಏನಾಗ್ತೈತೆ ಬುಡು,” ಎಂದರು ಮಾಲೀಕರು. “ನಮ್ ಲಾರೀಲಿ ತಂತಿ ಯಾಕ್ ಕಿತ್ತೋಗ್ತೈತೆ? ಕೊಡಮ್ಮ, ಟೈಮಾಗೋಯ್ತು.”

ನನಗೆ ರೇಗಿತು. ಹಟದಲ್ಲಿ ಮಧುಗಿರಿಯವಳಾದ ನಾನೇನು ಕಡಿಮೆಯೇ?

“ಕಂಬದ ಕೆಳಗೆ ಯಾರು ನಿಂತ್ಕೋತಾರಣ್ಣ?”

“ನಮ್ ಅಳಿಯ. ಪೈಪು ಬಿಗಿಯೋನು ಅವ್ನೇ.”

ಪರದೆಯ ಮೇಲೆ ಕಂಬವನ್ನು ಮತ್ತೆ ಎತ್ತಿ ನಿಲ್ಲಿಸಿ, ಅದರ ಬುಡದಲ್ಲಿ ಒಬ್ಬ ಮನುಷ್ಯನನ್ನು ಬರೆದೆ. ಬದನೆಕಾಯಿಗೆ ಕಡ್ಡಿ ಚುಚ್ಚಿದ ಹಾಗಿದ್ದ.

“ಅವನಿಗೆ ಅಷ್ಟು ಹೊಟ್ಟೆ ಇಲ್ಲ ಕಣಮ್ಮ,” ಎಂದು ಅವರು ಮುಂದಕ್ಕೆ ಬಗ್ಗಿದರು. “ಉದ್ದ ಅವ್ನೆ.”

ಹೊಟ್ಟೆ ಕರಗಿಸಿದೆ. ಕಾಲು ಎಳೆದು ಉದ್ದ ಮಾಡಿದೆ. ಮೀಸೆ ಬಿಟ್ಟುಹೋಯ್ತು ಅಂದರು, ಅದನ್ನೂ ಬರೆದೆ. ಗೇಟಿನಿಂದ ಪೂಜಾರಿ ಎರಡನೇ ಸಲ ಕೂಗಿದರು. ತಂತಿ ಕೀಳುವ ಗುಂಡಿಯ ಮೇಲೆ ನಾನು ಬೆರಳಿಟ್ಟೆ.

ಅವರು ಸರಕ್ಕನೆ ಅಂಗೈ ಚಾಚಿ ಪರದೆಯ ಮೇಲಿನ ಅಳಿಯನನ್ನು ಮುಚ್ಚಿಬಿಟ್ಟರು. ನಗಬೇಕೆಂದಿದ್ದ ನಾನು ಗುಂಡಿಯಿಂದ ಬೆರಳು ತೆಗೆದೆ.

“ಮೊದ್ಲು ಇವನ್ನ ಈಚೆಗೆ ತಗಿಯಮ್ಮ,” ಎಂದರು. “ಡಬ್ಬಿ ಸರಿ ಮಾಡ್ಕೊಡು. ರಾಹುಕಾಲ ಬಂದ್ರೆ ಬರ್ಲಿ.”

ಬರೆದ ಮನುಷ್ಯನನ್ನು ಅಳಿಸಿ, ಈಗ ನೋಡಿ ಅಣ್ಣ ಅಂದೆ. ಅವರು ಕೈ ತೆಗೆಯಲಿಲ್ಲ.