ಬೆರಳಿಗೆ ಸುತ್ತಿದ ನಾರು

ಆಯಿ, ಅಂದರೆ ನನ್ನ ಅಮ್ಮ, ಕಾನಸೂರಿನ ಮನೆಯಲ್ಲಿ ಮೆಟ್ಟುಗತ್ತಿಯ ಮಣೆಯನ್ನು ಕಾಲಿನಲ್ಲಿ ಒತ್ತಿ ಕೂತು ಬಾಳೆದಿಂಡು ಹೆಚ್ಚುತ್ತಿದ್ದಳು. ಪ್ರತಿ ಬಿಲ್ಲೆಯ ಜೊತೆ ಏಳುವ ನಾರನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತ, ನನ್ನ ಜೊತೆ ಮಾತಾಡುತ್ತಿದ್ದಳು. ಆ ನಾರು ಕೆಂಪಾದದ್ದನ್ನು ನಾನು ಮೊದಲು ನೋಡಿದೆ. ಅವಳಿಗೆ ನೋವೇ ಆಗಿರಲಿಲ್ಲ. ಸಕ್ಕರೆ ಕಾಯಿಲೆ ಬೆರಳ ತುದಿಯ ಸ್ಪರ್ಶವನ್ನು ಒಯ್ದಿದೆ, ಅದು ಮರಳುವುದಿಲ್ಲ ಎಂದು ಶಿರಸಿಯ ಡಾಕ್ಟರು ಹೇಳಿದರು.

ಅಲ್ಲಿಂದಲೇ ಒಂದು ಸ್ಲೈಸರ್ ತಂದೆ. ಬೆರಳು ಅಲಗಿಗೆ ತಾಗದಂತೆ ತರಕಾರಿಯನ್ನು ಮೇಲಿಂದ ಒತ್ತಿ ಹಿಡಿಯುವ ಪ್ಲಾಸ್ಟಿಕ್ಕಿನ ಹಿಡಿಕೆ ಅದಕ್ಕಿತ್ತು.

"ಸೌತೆಕಾಯಿಗೂ ಕೊಡೆ ಬೇಕಾತನೆ?" ಎಂದು ಆ ಹಿಡಿಕೆ ನೋಡಿ ಆಯಿ ನಕ್ಕಳು. ಆದರೂ ಸೌತೆಕಾಯಿ ತೆಳ್ಳಗೆ ಬಂದಾಗ ಅವಳ ಮುಖ ಅರಳಿತು.

ಬಾಳೆದಿಂಡಿಗೆ ಅದು ಆಗಲಿಲ್ಲ. ನಾರು ಅಲಗಿನ ಅಡಿಯಲ್ಲಿ ಸಿಕ್ಕಿಕೊಂಡಿತು. ಬಿಲ್ಲೆ ಕಪ್ಪಾಗದಂತೆ ಹಾಕಿಡಲು ನಾನು ಮಜ್ಜಿಗೆ ನೀರು ತರುವಷ್ಟರಲ್ಲಿ, ಅವಳು ಬೆರಳು ತೂರಿಸಿ ನಾರು ಎಳೆಯುತ್ತಿದ್ದಳು.

"ಆಯಿ, ಕೈ ತೆಗಿ."

"ಎಂತ ಆತು?" ಎಂದು ಕೇಳಿ, ಆಮೇಲೆ ರಕ್ತವಾಗಿದ್ದ ಬೆರಳು ನೋಡಿಕೊಂಡಳು. ತುಂಬ ಹೊತ್ತು ನೋಡಿದಳು.

ನಮ್ಮಲ್ಲಿ ಮದುವೆಯ ಹಿಂದಿನ ದಿನ ಕೇರಿಯ ಹೆಂಗಸರು ಅವರವರ ಮೆಟ್ಟುಗತ್ತಿ ಹಿಡಿದು ತರಕಾರಿ ಹೆಚ್ಚಲು ಸೇರುತ್ತಾರೆ. ಆ ಬೇಸಿಗೆ ಪಕ್ಕದ ಮನೆಯಿಂದ ಕರೆ ಬಂದಾಗ ಆಯಿ ತನ್ನದನ್ನು ತೊಳೆದು, ಒರೆಸಿ, ಅಲಗನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು.

"ತಗಂಡ್ ಹೋಗು ಕೂಸೆ. ಆನು ಬತ್ನಿಲ್ಲೆ."

ಅಲ್ಲಿ ಆಯಿ ಯಾಕೆ ಬರಲಿಲ್ಲ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಅವಳ ಬೆರಳಿನ ವಿಷಯ ಎಲ್ಲರಿಗೂ ಗೊತ್ತಾಗಿತ್ತು.