ಬಾಗಿಲ ಹಿಂದಿನ ತಗಡು

ಟಿಂಕರ್ ಮಾಮ ಎಂದರೆ ಬೀದಿಗೆಲ್ಲ ಗೊತ್ತು. ಗುದ್ದಿಸಿಕೊಂಡು ಬಂದ ಕಾರಿನ ತಗಡು ಬಡಿದು, ತೂತಿಗೆ ಪುಟ್ಟಿ ತುಂಬಿ, ಉಪ್ಪುಕಾಗದದಲ್ಲಿ ಉಜ್ಜಿ ಬಣ್ಣ ಹೊಡೆದನೆಂದರೆ ಮುಗಿಯಿತು, ಗುದ್ದಿದವನೇ ಬಂದು ನೋಡಿದರೂ ಎಲ್ಲಿ ಗುದ್ದಿದ್ದೆ ಅಂತ ಹೇಳಲಾರ. ಮೂವತ್ತೆರಡು ವರ್ಷ ಇದೇ ಕೆಲಸ. ಅವನಿಗಿದ್ದ ಶತ್ರು ಒಂದೇ, ತೂತು. ಮನೆಯ ಬಕೆಟ್ಟಿನಲ್ಲಿ ಸೂಜಿಮೊನೆಯಷ್ಟು ತೂತು ಕಂಡರೂ ಎತ್ತಿಕೊಂಡು ಗ್ಯಾರೇಜಿಗೆ ಹೊರಡುವ ಆಸಾಮಿ. ಹೋದ ವರ್ಷ ಕೈ ನಡುಗಲು ಶುರುವಾಯಿತು. ಯಜಮಾನ ಅವನನ್ನು ಬಿಡಿಭಾಗ ಕೊಡುವ ಕಿಟಕಿಯ ಹಿಂದೆ ಕೂರಿಸಿಬಿಟ್ಟ. ಅವತ್ತಿನಿಂದ ಮಾಮ ಮನೆಯಲ್ಲಿ ಮಾತೂ ಕಮ್ಮಿ ಮಾಡಿದ, ನಗುವುದನ್ನಂತೂ ಬಿಟ್ಟೇಬಿಟ್ಟ.

ಅಂಥವನ ಕೈಗೆ ಮಗಳು ತನ್ನ ಹಳೇ ಕಂಪ್ಯೂಟರಿನ ಡಬ್ಬ ಕೊಟ್ಟಳು. ಅವಳು ಮನೆಯಲ್ಲೇ ಕೂತು ಒಬ್ಬ ಇಂಜಿನಿಯರಿಗೆ ಕಟ್ಟಡದ ನಕ್ಷೆ ಬರೆದುಕೊಡುವವಳು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹೊಸ ಡಬ್ಬ ಕೊಳ್ಳೋಣವೆಂದರೆ ಕೈ ಖಾಲಿ. "ಅಪ್ಪಾ, ತುಕ್ಕು ಕೆರೆದು ಒಂದು ಕೋಟ್ ಬಣ್ಣ ಹೊಡ್ಕೊಡು, ಸಾಕು" ಎಂದಳು. ಒಳಗಿನದ್ದನ್ನೆಲ್ಲ ಬಿಚ್ಚಿಟ್ಟುಕೊಂಡು ಬರೀ ತಗಡು ಒಪ್ಪಿಸಿದಳು.

ಗ್ಯಾರೇಜಿನಲ್ಲಿ ಅದನ್ನು ಬೆಳಕಿಗೆ ಹಿಡಿದ ಮಾಮನಿಗೆ ಮೈಯೆಲ್ಲ ಉರಿಯಿತು. "ಥೂ! ಯಾವ ಅಯೋಗ್ಯ ಇದನ್ನ ಜರಡಿ ಮಾಡಿಟ್ಟಿದ್ದಾನೆ?" ಎಂಟು ದಿನ ಊಟದ ಬಿಡುವಿನಲ್ಲಿ ಕೂತು, ನಡುಗುವ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಎರಡು ಪಕ್ಕದ ತಗಡು, ಮುಂದಿನ ತಗಡು, ಮೂರರ ತೂತುಗಳನ್ನೂ ಒಂದೂ ಬಿಡದೆ ಮುಚ್ಚಿದ. ಯಾವುದೋ ಕಾರಿಗೆ ಹೊಡೆದು ಉಳಿದಿದ್ದ ಕಡುನೀಲಿ ಬಣ್ಣವನ್ನು ಬಿಟ್ಟಿಯಾಗಿ ಪಡೆದು ಮೂರು ಕೋಟ್ ಹೊಡೆದ.

"ರೀ, ಇದರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು!" ಎಂದಳು ಹೆಂಡತಿ. ಮಗಳು ತಗಡನ್ನು ಸವರಿದಳು, ಏನೋ ಹೇಳಲು ಬಾಯಿ ತೆರೆದಳು, ಅಪ್ಪನ ಮುಖ ನೋಡಿದಳು. "ಒಂದು ತೂತೂ ಕಾಣಲ್ಲಪ್ಪಾ. ಸೂಪರ್!" ಎಂದಳು. ಮಾಮ ಹಲ್ಲು ಕಾಣುವಂತೆ ನಕ್ಕ.

ಆಮೇಲೆ ದಿನಾ ಸಂಜೆ ಆರಕ್ಕೆ ಬಂದವನೇ ಎದುರಿಗೆ ಕುರ್ಚಿ ಹಾಕಿಕೊಂಡು, ಹೊಸ ಅಳಿಯನನ್ನು ನೋಡುವ ಹಾಗೆ ಆ ಡಬ್ಬವನ್ನೇ ನೋಡುತ್ತಾ ಕೂರುವುದು. ಒಂದು ಸಂಜೆ ಕಂಪ್ಯೂಟರಿನ ಪರದೆ ಇದ್ದಕ್ಕಿದ್ದಂತೆ ಕಪ್ಪಾಯಿತು. ಮಗಳು ಮುಖ ಮುಚ್ಚಿಕೊಂಡಳು. "ಏನಾಯ್ತೇ?" "ಕರೆಂಟ್ ಹೋಯ್ತಪ್ಪಾ." ತಲೆಯ ಮೇಲೆ ಬಲ್ಬು ಉರಿಯುತ್ತಲೇ ಇತ್ತು. ಪುಣ್ಯಾತ್ಮ ಗಮನಿಸಲಿಲ್ಲ.

ಮೂರು ವಾರ ಕಳೆದಿರಬೇಕು. ಗ್ಯಾರೇಜಿಗೆ ರಜೆ ಬಿಟ್ಟರೆಂದು ಮಾಮ ಮಧ್ಯಾಹ್ನ ಮೂರಕ್ಕೇ ಮನೆಗೆ ಬಂದ. ಬಾಗಿಲು ತಳ್ಳಿದರೆ ಹಿಂದೇನೋ ಠಣ್ ಎಂದಿತು. ಇಣುಕಿದ. ಕಡುನೀಲಿ ತಗಡುಗಳು, ಮೂರೂ, ಗೋಡೆಗೆ ಒರಗಿ ನಿಂತಿದ್ದವು. ಚಪ್ಪಲಿಯನ್ನೂ ಬಿಡದೆ ಒಳಗೆ ನಡೆದ.

ಒಳಗೆ ಕಂಪ್ಯೂಟರ್ ಬೆತ್ತಲೆ ಕೂತಿದೆ, ಪಕ್ಕದಲ್ಲಿ ಟೇಬಲ್ ಫ್ಯಾನು ಅದಕ್ಕೆ ಗಾಳಿ ಬೀಸುತ್ತಿದೆ. ಬೆನ್ನು ಹಾಕಿ ಕೂತ ಮಗಳು ಫೋನಿನಲ್ಲಿ ಗೋಗರೆಯುತ್ತಿದ್ದಳು: "ಸಂಜೆ ಹೊತ್ತು ಮಾತ್ರ ಆಫ್ ಆಗುತ್ತೆ ಸರ್... ಮೂರು ಸಲ ಆಯ್ತು, ಗೊತ್ತು ಸರ್... ನಾಳೆ ಸಂಜೆ ನಕ್ಷೆ ಕಳಿಸದಿದ್ರೆ ಬೇರೆಯವರನ್ನ ನೋಡ್ಕೊಳ್ಳಿ ಸರ್. ಇದೊಂದು ಸಲ..."

ಅಡುಗೆಮನೆಯಿಂದ ಹೆಂಡತಿಯ ದನಿ: "ಲೇ, ಅಪ್ಪ ಬರೋ ಹೊತ್ತಿಗೆ ಅದಕ್ಕೆ ಬಟ್ಟೆ ತೊಡಿಸೋದು ಮರೀಬೇಡ್ವೇ!" ಎನ್ನುತ್ತಾ ಹೊರಬಂದವಳು ಗಂಡನನ್ನು ಕಂಡು ನಿಂತಲ್ಲೇ ನಿಂತಳು.

"ಎಷ್ಟು ದಿನದಿಂದ?"

"ಮೊದಲನೇ ದಿನದಿಂದಾನೇ ರೀ. ಒಳಗಿನ ಬಿಸಿ ಹೋಗೋಕೆ ತೂತು ಬೇಕಂತೆ. ಇಲ್ಲದಿದ್ರೆ ಕಾದು ತಾನಾಗೇ ಆಫ್ ಆಗುತ್ತಂತೆ."

ಮಾಮ ತಲೆಯ ಮೇಲಿನ ಬಲ್ಬು ನೋಡಿದ. ಅವತ್ತು ಪರದೆ ಕಪ್ಪಾದಾಗಲೂ ಅದು ಉರಿಯುತ್ತಲೇ ಇದ್ದದ್ದು ಈಗ ಹೊಳೆಯಿತು. ಅಯ್ಯೋ ದೇವರೇ, ಕುರ್ಚಿ ಹಾಕಿಕೊಂಡು ಕೂತು ಮಗಳ ಅನ್ನಕ್ಕೆ ನಾನೇ ಕಲ್ಲು ಹಾಕಿದೆನಲ್ಲ!

"ಹೇಳೋಕೇನಾಗಿತ್ತೇ ನಿಂಗೆ ರೋಗ?"

ಫೋನ್ ಇಟ್ಟ ಮಗಳು ನೆಲ ನೋಡಿದಳು. "ವರ್ಷದ ಮೇಲೆ ನೀನು ನಕ್ಕಿದ್ದು ಅವತ್ತೇ ಅಪ್ಪಾ."

ಮಾಮ ತಿರುಗಿ ಹೊರಗೆ ನಡೆದ. ಪಕ್ಕದ ಬಡಗಿಯ ಮನೆಯಿಂದ ಡ್ರಿಲ್ಲು ತಂದ. ತಗಡುಗಳನ್ನು ಅಂಗಳಕ್ಕೆ ಎಳೆದ. ಮಗಳು ಕಿರುಚಿಕೊಂಡಳು: "ಬೇಡಪ್ಪಾ! ಬಿಚ್ಚಿಟ್ಟೇ ಮಾಡ್ಕೋತೀನಿ!"

"ಬಿಚ್ಚಿಟ್ರೆ ಧೂಳು ತುಂಬಲ್ವಾ? ಬಾಯ್ಮುಚ್ಕೊಂಡು ಆ ತುದಿ ಹಿಡ್ಕೋ."

ಮೊದಲ ತೂತು ಕೊರೆಯುವಾಗ ಕಣ್ಣು ಮುಚ್ಚಿಕೊಂಡ. ಬಣ್ಣ ಚಕ್ಕೆಯೆದ್ದಿತು, ಪುಟ್ಟಿ ಪುಡಿಯಾಗಿ ಪಾದದ ಮೇಲೆ ಉದುರಿತು. ಕೈ ನಡುಗಿ ಸಾಲು ಸೊಟ್ಟಗೆ ಹೋಯಿತು. "ಕುಡುಕ ನಡೆದ ದಾರಿ ಥರ ಇದೆ" ಎಂದು ತನ್ನನ್ನೇ ಬೈದುಕೊಂಡ. ಹೆಂಡತಿ ನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕತ್ತಲಾಗುವ ಮುಂಚೆ ಮೂರು ತಗಡೂ ಮತ್ತೆ ಜರಡಿಯಾದವು.

ಮರುದಿನ ಸಂಜೆ ಕಂಪ್ಯೂಟರ್ ಒಮ್ಮೆಯೂ ಆಫ್ ಆಗಲಿಲ್ಲ, ನಕ್ಷೆ ಹೊತ್ತಿಗೆ ಸರಿಯಾಗಿ ಇಂಜಿನಿಯರಿಗೆ ತಲುಪಿತು. ಮಾಮ ಅದರ ಎದುರಿಗೆ ಕುರ್ಚಿ ಹಾಕಲಿಲ್ಲ.

ಅದರ ಮಾರನೇ ದಿನ ಮಧ್ಯಾಹ್ನ, ಯಾರಿಗೂ ಹೇಳದೆ ಗ್ಯಾರೇಜಿನಿಂದ ಮನೆಗೆ ಬಂದ. ಬಾಗಿಲು ಮೆಲ್ಲಗೆ ತಳ್ಳಿದ. ಠಣ್ ಎನ್ನಲಿಲ್ಲ. ಹಿಂದೆ ಇಣುಕಿದ. ಬರೀ ಗೋಡೆ ಇತ್ತು.

"ಏನಪ್ಪಾ ಇಷ್ಟೊತ್ತಲ್ಲಿ?" ಮಗಳು ತಿರುಗಿ ಕೇಳಿದಳು. ಮೇಜಿನ ಮೇಲೆ ಆ ಸೊಟ್ಟ ತೂತುಗಳ ನೀಲಿ ಡಬ್ಬ ಸದ್ದು ಮಾಡುತ್ತಾ ಕೂತಿತ್ತು.

"ಕನ್ನಡಕ ಮರೆತು ಹೋಗಿದ್ದೆ."

ಕನ್ನಡಕ ಮೂಗಿನ ಮೇಲೇ ಇತ್ತು. ಮಗಳು ಅದನ್ನು ನೋಡಿದಳು. "ಹೌದಾ ಅಪ್ಪಾ, ಹುಡುಕಿಕೋ" ಎಂದು ಕೆಲಸಕ್ಕೆ ತಿರುಗಿದಳು.