ಕೊನೆಯ ಪುಟ ದೊಡ್ಡನೆಕ್ಕುಂದಿಗೆ ಹೋಯಿತು

ಗೆಳೆಯರೇ, ಇನ್ನೂ ಮೈ ಉರಿಯುತ್ತಿದೆ. ಇವತ್ತು ಇಂದಿರಾನಗರದ ಒಂದು ಕಾರ್ಯಾಗಾರಕ್ಕೆ, ಕೈಯಾರೆ ಪುಸ್ತಕ ಹೊಲಿಯುವುದನ್ನು ಕಲಿಯಲು ಹೋಗಿದ್ದೆ. ರಟ್ಟಿನ ಮೇಲೆ ಅಂಟಿಸಲು ಹಳೇ ಕಾಗದ ಬೇಕೆಂದು, ಕಲಿಸುವಾಕೆ ಒಂದು ಕನ್ನಡ ಕಾದಂಬರಿಯನ್ನೇ ಪರಪರ ಹರಿದು ಎಲ್ಲರಿಗೂ ಹಂಚಿದರು. ದೊಡ್ಡನೆಕ್ಕುಂದಿಯಿಂದ ಬಂದಿದ್ದ ಪಕ್ಕದವನು ಎಲ್ಲರಿಗಿಂತ ಮೊದಲು ತನ್ನ ಹಾಳೆಯನ್ನು ಅಂಟಿಸಿದ, ತಲೆಕೆಳಗಾಗಿ.

“ಏನ್ರೀ, ಪುಸ್ತಕ ಮಾಡೋಕೆ ಪುಸ್ತಕಾನೇ ಹರಿದುಬಿಟ್ರಲ್ಲ!” ಎಂದು ರೇಗಿದೆ.

“ಇದನ್ನ ಈಗ ಯಾರು ಓದ್ತಾರೆ ಮೇಡಂ? ಲುಕ್ ಚೆನ್ನಾಗಿರುತ್ತೆ ಅಂತ ಅಷ್ಟೇ.”

“ನಾನು ಓದ್ತೀನಿ, ಕೊಡ್ರೀ ಇಲ್ಲಿ!”

ಉಳಿದ ಹಾಳೆಗಳನ್ನೆಲ್ಲ ಕಿತ್ತುಕೊಂಡು, ಆಕೆ ಕಲಿಸಿದ ಹೊಲಿಗೆಯಿಂದಲೇ ಕಾದಂಬರಿಯನ್ನು ಮತ್ತೆ ಕಟ್ಟಿದೆ. ಮನೆಗೆ ಬಂದು ನೋಡಿದರೆ ಕೊನೆಯ ಪುಟವೇ ಇಲ್ಲ. ಅದು ಪಕ್ಕದವನ ರಟ್ಟಿನ ಮೇಲಿದೆ. ನಾಯಕಿ ಬದುಕಿದಳೋ ಸತ್ತಳೋ, ಅವನನ್ನೇ ಕೇಳಬೇಕು. ಅವನಿಗೆ ಕನ್ನಡ ಬರುವುದಿಲ್ಲ.